ಹೊಸಬಳಿಗೆ ಕಲಿಸುವಾಕೆ

ನಮ್ಮ ಅರ್ಜಿ ನಮೂನೆಯಲ್ಲಿ ಆರು ಕಾಲಂಗಳಿದ್ದವು. ಹೆಸರು, ವಯಸ್ಸು, ಓದು ಬರಹ ಬರುತ್ತದೆಯೇ, ವೃತ್ತಿಗೆ ಬಂದು ಎಷ್ಟು ವರ್ಷವಾಯಿತು, ಎಷ್ಟು ಹೆಣ್ಣುಮಕ್ಕಳ ಪರಿಚಯವಿದೆ, ಫೋನ್ ಇದೆಯೇ. 2009ರಲ್ಲಿ ದಾವಣಗೆರೆಯಲ್ಲಿ ಏಡ್ಸ್ ತಡೆಯುವ ಯೋಜನೆಯೊಂದಕ್ಕೆ ಆಪ್ತಸಮಾಲೋಚಕಿಯಾಗಿ ಸೇರಿದ ಹೊಸದರಲ್ಲಿ ಈ ನಮೂನೆಗಳ ಕಟ್ಟು ನನ್ನ ಕೈಗೆ ಬಂತು. ಲೈಂಗಿಕ ವೃತ್ತಿಯಲ್ಲಿರುವ ಹೆಣ್ಣುಮಕ್ಕಳ ನಡುವಿನಿಂದಲೇ ಕೆಲವರನ್ನು ಆರಿಸಿ, ತರಬೇತಿ ಕೊಟ್ಟು, ಉಳಿದವರಿಗೆ ಅವರಿಂದಲೇ ತಿಳಿವಳಿಕೆ ಕೊಡಿಸಬೇಕಿತ್ತು. ಕಾಗದದಲ್ಲಿ ಅವರನ್ನು ಪೀರ್ ಎಜುಕೇಟರ್ ಎನ್ನುತ್ತಿದ್ದೆವು, ಬಾಯಲ್ಲಿ ಬರೀ ಪೀರ್. ಒಬ್ಬ ಪೀರ್‌ಗೆ ಐವತ್ತು ಅರವತ್ತು ಹೆಣ್ಣುಮಕ್ಕಳ ಹೊಣೆ. ಹೊಸದಾಗಿ ಬಂದವರನ್ನು ಮೊದಲು ಮಾತಾಡಿಸಬೇಕಾದವಳೂ ಅವಳೇ.

ಹದಿನಾಲ್ಕು ಅರ್ಜಿ ಬಂದಿದ್ದವು. ನಾನು ಮೊದಲು ಎತ್ತಿಟ್ಟದ್ದು ದಾವಣಗೆರೆಯ ಒಬ್ಬ ಹಿರಿಯಾಕೆಯದು. ಇಪ್ಪತ್ತೆರಡು ವರ್ಷದ ಅನುಭವ. ರೈಲ್ವೆ ಸ್ಟೇಷನ್ನಿನಿಂದ ಪಿ.ಬಿ. ರಸ್ತೆಯ ಲಾರಿ ನಿಲ್ಲುವ ಜಾಗಗಳವರೆಗೆ ಅವಳಿಗೆ ಗೊತ್ತಿಲ್ಲದ ಮೂಲೆಯಿಲ್ಲ. ಏಳನೇ ಕ್ಲಾಸು ಓದಿದ್ದಳು, ಎಂಬತ್ತಕ್ಕೂ ಹೆಚ್ಚು ಜನರ ಹೆಸರು ಹೇಳಬಲ್ಲವಳಾಗಿದ್ದಳು. ಹದಿನೈದು ನಿಮಿಷದಲ್ಲಿ ತೀರ್ಮಾನವಾಯಿತು. ಹರಿಹರದಿಂದ ಬಂದ ಇನ್ನೊಂದು ಅರ್ಜಿಯಲ್ಲಿ ಹೆಬ್ಬೆಟ್ಟಿತ್ತು, ಅನುಭವ ಆರು ವರ್ಷ, ಪರಿಚಯ 'ಹತ್ತು ಹದಿನೈದು'. ಅಲ್ಲಿಂದ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲವಾದ್ದರಿಂದ ಅವಳನ್ನೂ ತೆಗೆದುಕೊಂಡೆವು. ಇವರಿಬ್ಬರ ಹೆಸರನ್ನು ನಾನು ಹೇಳುವುದಿಲ್ಲ. ದಾವಣಗೆರೆಯಕ್ಕ, ಹರಿಹರದಕ್ಕ ಎಂದಷ್ಟೇ ಕರೆಯುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನೂ ಬದಲಿಸಿದ್ದೇನೆ.

ಈ ಕಸುಬಿಗೆ ಹೊಸದಾಗಿ ಬಂದವಳಿಗೆ ದಾರಿ ಹೇಳಲು ಯಾರಿಗೆ ಅರ್ಹತೆಯಿದೆ? ಪ್ರಶ್ನೆ ಕೇಳಿದರೇ ಹುಬ್ಬೇರಿಸುವವರಿದ್ದಾರೆ. ಕಳ್ಳತನ ಕಲಿಸಲು ಯಾರು ಅರ್ಹರು ಎಂದು ಕೇಳಿದ ಹಾಗೆ ಅವರಿಗೆ ಕೇಳಿಸುತ್ತದೆ. ಅವರ ಮಾತಿಗೆ ಆಮೇಲೆ ಬರುತ್ತೇನೆ. ಆಗ ನನಗೆ ಇದು ಪ್ರಶ್ನೆಯೇ ಆಗಿರಲಿಲ್ಲ. ಅನುಭವ ಇದ್ದವರು ಕಲಿಸುತ್ತಾರೆ, ಅಷ್ಟೇ.

ಅನುಭವ ಬೇಡವೇ ಬೇಡ ಎನ್ನುವ ಹಾಗೂ ಇಲ್ಲ. ಅದನ್ನು ನಾನು ಮೊದಲ ವಾರವೇ ಕಲಿತೆ. ವೈರಸ್ ಎಂದರೇನು, ಸೋಂಕು ತಗುಲಿದ ಎಷ್ಟು ದಿನಕ್ಕೆ ಪರೀಕ್ಷೆಯಲ್ಲಿ ತೋರುತ್ತದೆ, ಮೂರು ತಿಂಗಳಿಗೊಮ್ಮೆ ತಪಾಸಣೆ ಯಾಕೆ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಯಾಕೆ ಎಂದು ಚಾರ್ಟ್ ಹಿಡಿದು ಹೇಳುತ್ತಿದ್ದೆ. ಒಬ್ಬಾಕೆ ಮಂಡಕ್ಕಿ ತಿನ್ನುತ್ತಲೇ ಕೇಳಿದಳು: "ಮೇಡಂ, ಮಳೆ ಹತ್ತಿರ್ತೈತೆ, ಎರಡು ದಿನದಿಂದ ಬೋಣಿ ಆಗಿರಲ್ಲ. ಅವ್ನು ನಿರೋಧ್ ಬ್ಯಾಡ, ಇನ್ನೂರು ಜಾಸ್ತಿ ತಗ ಅಂತಾನೆ. ಮನೀಗೆ ಅಕ್ಕಿ ಇಲ್ಲ. ನೀವಾಗಿದ್ರೆ ಏನ್ ಹೇಳ್ತಿದ್ರಿ?" ನನ್ನ ಚಾರ್ಟಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಉತ್ತರ ಕೊಟ್ಟವರು ಪಕ್ಕದಲ್ಲಿ ಕೂತ ಇಬ್ಬರು, ಅದೂ ಮೂರು ಬೇರೆ ಬೇರೆ ರೀತಿಯಲ್ಲಿ, ನಗುತ್ತಾ, ಒಬ್ಬರ ಮೇಲೊಬ್ಬರು ಬಿದ್ದು. ಆ ನಗುವಿನೊಳಗೆ ಕಾಲು ಇಡಲು ನನಗೆ ಜಾಗವಿರಲಿಲ್ಲ.

ಕೊಲ್ಕತ್ತದ ಸೋನಾಗಾಚಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಆರಂಭಿಸಿದ ಕೆಲಸದ ತಿರುಳು ಇದೇ ಆಗಿತ್ತು. ಹೊರಗಿನವರ ಉಪದೇಶ ನಡೆಯುವುದಿಲ್ಲ, ಒಳಗಿನವರೇ ಒಳಗಿನವರಿಗೆ ಹೇಳಬೇಕು. 2003ರ ನಂತರ ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಕಾರ್ಯಕ್ರಮ ಕರ್ನಾಟಕಕ್ಕೂ ಬಂದಾಗ ಅದೇ ಪಾಠ ಇಲ್ಲಿಗೂ ಬಂತು. ಮೈಸೂರಿನ ಆಶೋದಯ ಸಮಿತಿ ಒಂದು ಹೆಜ್ಜೆ ಮುಂದೆ ಹೋಗಿ, ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳೇ ಬೇರೆ ಊರು, ಬೇರೆ ದೇಶದವರಿಗೆ ಪಾಠ ಹೇಳುವಂತೆ ಮಾಡಿತು. ಇದೆಲ್ಲ ನಿಜ, ದೊಡ್ಡ ಸಂಗತಿಯೂ ಹೌದು. ಆದರೆ ಅನುಭವ ಎನ್ನುವುದು ಒಳಗೆ ಬರಲು ಬೇಕಾದ ಟಿಕೀಟು ಮಾತ್ರ. ಅದನ್ನೇ ನಾವು ಅರ್ಹತೆ ಎಂದುಕೊಂಡೆವು. ಅನುಭವವೇ ಅರ್ಹತೆಯಾಗಿದ್ದರೆ ಎಲ್ಲರಿಗಿಂತ ದೊಡ್ಡ ಗುರು ಘರ್ವಾಲಿಯೇ ಆಗಬೇಕಿತ್ತಲ್ಲ.

ಆಗಿದ್ದಾಳೆ ಕೂಡ. ನಮ್ಮ ಹಳೆಯ ಸಾಹಿತ್ಯದಲ್ಲಿ ಈ ಗುರುವಿನ ಮೇಲೆ ಒಂದು ಇಡೀ ಕಾವ್ಯವಿದೆ. ಎಂಟನೇ ಶತಮಾನದ ಕಾಶ್ಮೀರದ ದಾಮೋದರಗುಪ್ತ ಬರೆದ 'ಕುಟ್ಟನೀಮತ'. ಕಾಶಿಯ ಮಾಲತಿ ಎಂಬ ಯುವ ಗಣಿಕೆ, ವಿಕರಾಳೆ ಎಂಬ ಮುದಿ ಕುಂಟಣಿಯ ಹತ್ತಿರ ಬುದ್ಧಿ ಕೇಳಲು ಹೋಗುತ್ತಾಳೆ. ಶ್ರೀಮಂತನ ಮಗನನ್ನು ಬಲೆಗೆ ಕೆಡಹುವುದು ಹೇಗೆ, ಅವನನ್ನು ಹಿಂಡುವುದು ಹೇಗೆ ಎಂದು ಮುದುಕಿ ಹೇಳುತ್ತಾ ಹೋಗುತ್ತಾಳೆ. ಓದಲು ತಮಾಷೆಯಾಗಿದೆ. ಆದರೆ ವಿಕರಾಳೆಯ ಶಾಲೆಯಲ್ಲಿ 'ನನಗೆ ಇದು ಬೇಡ' ಎನ್ನುವ ವಿದ್ಯಾರ್ಥಿನಿಗೆ ಪಾಠವಿಲ್ಲ.

ನಮ್ಮ ಸುತ್ತಲೇ ಇನ್ನೊಂದು ಶಾಲೆಯಿತ್ತು. ಉಚ್ಚಂಗಿದುರ್ಗ ದಾವಣಗೆರೆಗೆ ದೂರವೇನಲ್ಲ. 1997ರಲ್ಲಿ ಜಿಲ್ಲೆಯಾದಾಗ ಹರಪನಹಳ್ಳಿ ತಾಲ್ಲೂಕಿನ ಜೊತೆ ಅದೂ ನಮ್ಮದಾಗಿತ್ತು, ಈಗ ವಿಜಯನಗರಕ್ಕೆ ಸೇರಿದೆ. ಭರತ ಹುಣ್ಣಿಮೆಗೆ ಅಲ್ಲಿ ಮುತ್ತು ಕಟ್ಟುತ್ತಿದ್ದ ಕಾಲದಲ್ಲಿ, ಹಿರಿಯ ದೇವದಾಸಿಯರೇ ಕಿರಿಯಳನ್ನು ತಮ್ಮ ಸಾಲಿಗೆ ಸೇರಿಸಿಕೊಳ್ಳುತ್ತಿದ್ದರು. ಅಲ್ಲಿ ಕಲಿಸುವವಳಿಗೆ ವಯಸ್ಸಿತ್ತು, ಶಾಸ್ತ್ರವಿತ್ತು, ದೇವಿಯ ಹೆಸರೂ ಇತ್ತು. ಮುತ್ತು ಕಟ್ಟಿಸಿಕೊಳ್ಳುವವಳನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬರುವವರೆಗೆ ಅದನ್ನು ನೇರವಾಗಿ ಅಪರಾಧ ಎನ್ನುವ ಕಾನೂನು ಈ ಇಡೀ ರಾಜ್ಯಕ್ಕೆ ಇರಲಿಲ್ಲ. ಹರಿಹರದಕ್ಕನ ತಾಯಿಗೆ ಹಾಗೆ ಮುತ್ತು ಕಟ್ಟಿತ್ತು. ಅವಳು ಅದನ್ನು ನನಗೆ ಹೇಳಿದ್ದು ನಾಲ್ಕು ವರ್ಷದ ಪರಿಚಯದ ನಂತರ, ಬಸ್ಸಿನಲ್ಲಿ, ಕಿಟಕಿ ಕಡೆ ನೋಡುತ್ತಾ.

ದಾವಣಗೆರೆಯಕ್ಕನ ವಿಷಯಕ್ಕೆ ಬರುತ್ತೇನೆ. ಅವಳ ಕೆಲಸ ಅಚ್ಚುಕಟ್ಟು. ತಿಂಗಳ ಕೊನೆಯಲ್ಲಿ ಅವಳ ಪುಸ್ತಕ ತುಂಬಿರುತ್ತಿತ್ತು. ಹೊಸಬರ ನೋಂದಣಿ ಎಲ್ಲರಿಗಿಂತ ಹೆಚ್ಚು. ಮೇಲಿನವರು ಬಂದಾಗ ನಾವು ಅವಳನ್ನೇ ಮುಂದೆ ಕೂರಿಸುತ್ತಿದ್ದೆವು. ಜಗಳೂರು ಕಡೆಯಿಂದ ಬಂದ ಒಬ್ಬಾಕೆ, ಇಪ್ಪತ್ತಾರು ವರ್ಷ, ಗಂಡ ತೀರಿಕೊಂಡಿದ್ದ, ಒಂದು ಮಗು, ಅವಳ ಮೂಲಕವೇ ನಮ್ಮ ಪಟ್ಟಿಗೆ ಸೇರಿದ್ದಳು. ನಾಲ್ಕು ತಿಂಗಳಾದ ಮೇಲೆ ಒಂದು ದಿನ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಕೂತಳು. ತನಗೆ ಇದು ಸಾಕು, ಬಿಡಬೇಕು ಎಂದಳು.

ನನಗೆ ಎಷ್ಟು ಸಂತೋಷವಾಯಿತೆಂದರೆ, ಅವಳು ಮಾತು ಮುಗಿಸುವ ಮೊದಲೇ ಹೊಲಿಗೆ ತರಬೇತಿಯ ವಿಷಯ ಶುರು ಮಾಡಿದೆ. ಸರ್ಕಾರದ ಯೋಜನೆಗಳನ್ನು ಹೇಳಿದೆ, ಅರ್ಜಿ ನಾನೇ ಬರೆದುಕೊಡುತ್ತೇನೆ ಎಂದೆ. ಸುಮಾರು ಹತ್ತು ನಿಮಿಷ ನಾನೊಬ್ಬಳೇ ಮಾತಾಡಿರಬೇಕು. ಕೊನೆಗೆ ಅವಳು, "ಅಕ್ಕ, ಬಡ್ಡಿ ಐತೆ" ಎಂದಳು.

ಮಗುವಿಗೆ ಜ್ವರ ಬಂದಾಗ 8,000 ರೂಪಾಯಿ ಸಾಲ ತೆಗೆದುಕೊಂಡಿದ್ದಳು. ಸಾವಿರಕ್ಕೆ ವಾರಕ್ಕೆ ನೂರು. ಹದಿನಾರು ವಾರಕ್ಕೆ 12,800 ಕಟ್ಟಿದ್ದಳು, ಅಸಲು ಹಾಗೇ ಕೂತಿತ್ತು. ಕೊಟ್ಟವಳು ದಾವಣಗೆರೆಯಕ್ಕ. ಇವಳೊಬ್ಬಳಿಗೇ ಅಲ್ಲ, ಹೊಸದಾಗಿ ಬಂದ ಇನ್ನೂ ಏಳೆಂಟು ಮಂದಿಗೆ. ನಮ್ಮ ಪುಸ್ತಕ ಯಾಕೆ ತುಂಬುತ್ತಿತ್ತು ಎಂದು ಆಗ ತಿಳಿಯಿತು. ಸಾಲವಿದ್ದವಳು ಊರು ಬಿಡುವುದಿಲ್ಲ, ತಪಾಸಣೆಗೆ ಕರೆದರೆ ಬರುತ್ತಾಳೆ, ಸಭೆಗೆ ಕರೆದರೆ ಬರುತ್ತಾಳೆ.

ನಾನು ಕಚೇರಿಯಲ್ಲಿ ಹೇಳಿದೆ. ನೋಡೋಣ ಎಂದರು. ಅವಳ ಅಂಕಿ ಅಂಶ ಬಹಳ ಚೆನ್ನಾಗಿದೆ, ವರ್ಷದ ವರದಿ ಹೋಗಲಿ ಎಂದರು. ನಾನೂ ಸುಮ್ಮನಾದೆ. ಈಗ ಬರೆಯುವಾಗ 'ಎಂದರು' ಎಂದು ಬೇರೆಯವರ ಮೇಲೆ ಹಾಕುವುದು ಸುಲಭ. ಆರಿಸಿದವಳು ನಾನೇ. ಆ ಮೂರು ತಿಂಗಳು ಪ್ರತಿ ವಾರ 800 ರೂಪಾಯಿ ಹೊಂದಿಸಲು ಆ ಹೆಣ್ಣುಮಗಳು ಏನು ಮಾಡಿರಬಹುದು ಎಂದು ಲೆಕ್ಕ ಹಾಕುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ದಾವಣಗೆರೆಯಕ್ಕನನ್ನು ನಾನೇ ಕೇಳಿದ್ದೆ. ಅವಳು ಸಿಟ್ಟಾಗಲಿಲ್ಲ. "ನಾನು ಬಂದಾಗ ನನಗ್ಯಾರು ಸಾಲ ಕೊಟ್ರು ಮೇಡಂ? ಬ್ಯಾಂಕಿನೋರು ಕೊಟ್ರಾ, ನೀವು ಕೊಟ್ರಾ? ಒಬ್ಬಾಕಿ ಕೊಟ್ಲು, ಬಡ್ಡಿ ತಗಂಡ್ಲು. ಆ ರೊಕ್ಕ ಇಲ್ಲದಿದ್ರೆ ನಾನು ಸತ್ತೇ ಹೋಗ್ತಿದ್ದೆ. ಈಗ ನಾನು ಕೊಟ್ಟೆ. ಕೊಡದಿದ್ರೆ ಆ ಕೂಸಿಗೆ ಔಷಧಿ ಯಾರು ತರ್ತಿದ್ರು?" ಅವಳು ಸುಳ್ಳು ಹೇಳುತ್ತಿರಲಿಲ್ಲ. ಆ ರಾತ್ರಿ ಮಗುವನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದವಳೂ ಅವಳೇ. ನಾನು ಹೋಗಿರಲಿಲ್ಲ. ಅವಳನ್ನು ಖಳನಾಯಕಿ ಮಾಡಿ ಈ ಪ್ರಬಂಧ ಮುಗಿಸಿಬಿಡಬಹುದಿತ್ತು, ಆಗುತ್ತಿಲ್ಲ. ತಾನು ಕಲಿತ ಹಾಗೇ ಕಲಿಸಿದಳು. ಇಪ್ಪತ್ತೆರಡು ವರ್ಷದ ಅನುಭವದಲ್ಲಿ ಆ ಬಡ್ಡಿಯೂ ಸೇರಿತ್ತು.

ಇಲ್ಲೊಂದು ಆಕ್ಷೇಪ ಬರಬಹುದು. ಯಾವ ಕಸುಬಿನಲ್ಲಿ ಗುರುವಿಗೆ ಲಾಭವಿಲ್ಲ? ನಮ್ಮೂರಿನ ಬೆಣ್ಣೆದೋಸೆ ಅಂಗಡಿಗೆ ಸೇರಿದ ಹುಡುಗ ಮೊದಲು ತಟ್ಟೆ ತೊಳೆಯುತ್ತಾನೆ, ಹಂಚಿನ ಮುಂದೆ ನಿಲ್ಲಲು ವರ್ಷಗಳೇ ಬೇಕು. ಟೈಲರ್ ಹತ್ತಿರ ಕಾಜಾ ಹಾಕುತ್ತಾ ಮೂರು ವರ್ಷ ಪುಕ್ಕಟೆ ದುಡಿದವರು ನಮ್ಮ ಮನೆಯಲ್ಲೇ ಇದ್ದಾರೆ. ಲಾರಿಯ ಕ್ಲೀನರ್ ಡ್ರೈವರ್ ಆಗುವ ಮೊದಲು ತಿಂದ ಬೈಗುಳಕ್ಕೆ ಲೆಕ್ಕವಿಲ್ಲ. ಅಲ್ಲೆಲ್ಲ ಇಲ್ಲದ ನಿಯಮ ಇಲ್ಲಿಗೇಕೆ?

ನನಗೆ ತೋಚಿದ ವ್ಯತ್ಯಾಸ ಇದು. ದೋಸೆ ಅಂಗಡಿ ಬಿಟ್ಟ ಹುಡುಗ ಮರುದಿನ ಬೇರೆ ಅಂಗಡಿಗೆ ಹೋಗಬಹುದು, ಯಾರೂ ಅವನ ಹಿಂದೆ ಹೆಸರು ಹಿಡಿದು ಕೂಗುವುದಿಲ್ಲ. ಇಲ್ಲಿ ಒಂದೊಂದು ದಿನ ಕಳೆದಂತೆ ಹೊರಗಿನ ಬಾಗಿಲು ಒಂದೊಂದು ಅಂಗುಲ ಮುಚ್ಚುತ್ತದೆ. ಬಾಡಿಗೆ ಮನೆ, ಮಗುವಿನ ಶಾಲೆ, ತವರಿನ ಮದುವೆಯ ಕರೆ, ಎಲ್ಲ ದೂರವಾಗುತ್ತವೆ. ಮುಚ್ಚುವವರು ಹೊರಗಿನವರು, ಅಂದರೆ ನಾವು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಟೈಲರ್‌ಗೆ ಒಮ್ಮೆ ಕೆಲಸ ಒಪ್ಪಿಕೊಂಡರೆ ಸಾಕು, ಪ್ರತಿ ಹೊಲಿಗೆಗೂ ಒಪ್ಪಿಗೆ ಬೇಕಿಲ್ಲ. ಇಲ್ಲಿ ಪ್ರತಿ ಸಲವೂ, ಪ್ರತಿ ಮನುಷ್ಯನಿಗೂ, ಹಣ ಕೈಗೆ ಬಂದ ಮೇಲೂ 'ಒಲ್ಲೆ' ಎನ್ನುವ ಹಕ್ಕು ಹೊಸದಾಗಿ ಹುಟ್ಟಬೇಕು. ಅದು ಹುಟ್ಟದ ಕಡೆ ನಡೆಯುವುದಕ್ಕೆ ಕಸುಬು ಎನ್ನಲು ಬರುವುದಿಲ್ಲ, ಅತ್ಯಾಚಾರ ಎನ್ನಬೇಕಾಗುತ್ತದೆ. ಹಾಗಿರುವಾಗ, ಶಿಷ್ಯೆಯ 'ಒಲ್ಲೆ'ಯಿಂದ ಯಾರ ಜೇಬಿಗೆ ನಷ್ಟವೋ ಅವಳು ಆ ಮಾತನ್ನು ಕಲಿಸಲಾರಳು. ಬಾಯಲ್ಲಿ ಕಲಿಸಿದರೂ ವಾರದ ಬಡ್ಡಿ ಬೇರೆಯದನ್ನೇ ಕಲಿಸುತ್ತಿರುತ್ತದೆ.

ಹನ್ನೆರಡನೇ ಶತಮಾನದ ಶರಣೆ ಸೂಳೆ ಸಂಕವ್ವೆ ನನಗೆ ಇಲ್ಲಿ ನೆನಪಾಗುತ್ತಾಳೆ. ಅವಳದು ನಮಗೆ ಸಿಕ್ಕಿರುವುದು ಒಂದೇ ವಚನ, ಅಂಕಿತ ನಿರ್ಲಜ್ಜೇಶ್ವರ. ಒಬ್ಬನಿಂದ ಒತ್ತೆ ಹಿಡಿದ ಮೇಲೆ ಇನ್ನೊಬ್ಬನಿಂದ ಹಿಡಿಯಬಾರದು ಎಂಬ ಕಸುಬಿನ ಕಟ್ಟಳೆಯನ್ನೇ ಅವಳು ಭಕ್ತಿಯ ನಿಷ್ಠೆಗೆ ತಿರುಗಿಸುತ್ತಾಳೆ. ಅದನ್ನು ಪಾಠಗಳಲ್ಲಿ ಸಾಮಾನ್ಯವಾಗಿ ಭಕ್ತಿಯ ಕಡೆಯಿಂದಷ್ಟೇ ಓದಿಸುತ್ತಾರೆ. ನನಗೆ ಕಾಣುವುದು, ಹೊರಗಿನವರು ನೀತಿಯೇ ಇಲ್ಲ ಎಂದುಕೊಂಡ ಜಾಗದಲ್ಲೂ 'ಇದನ್ನು ಮಾಡುವುದಿಲ್ಲ' ಎನ್ನುವ ಗೆರೆಯೊಂದಿತ್ತು ಎನ್ನುವುದು. ಆ ಗೆರೆಯನ್ನು ಅವಳಿಗೆ ಯಾರೋ ಹೇಳಿಕೊಟ್ಟಿರಬೇಕು.

ಹರಿಹರದಕ್ಕ ಏನು ಮಾಡುತ್ತಿದ್ದಳು ಎಂಬುದನ್ನು ನಾನು ತಡವಾಗಿ ಗಮನಿಸಿದೆ. ಹೊಸಬಳನ್ನು ಯಾರಾದರೂ ಕರೆತಂದರೆ ಅವರ ಮುಂದೆ ಏನೂ ಕೇಳುತ್ತಿರಲಿಲ್ಲ. "ಬಾರವ್ವ, ಉಂಡು ಬರಾನ" ಎಂದು ಆ ಹೆಣ್ಣುಮಗಳನ್ನು ಒಬ್ಬಳನ್ನೇ ಕರೆದುಕೊಂಡು ತುಂಗಭದ್ರೆಯ ಕಡೆಗೋ ಹರಿಹರೇಶ್ವರ ಗುಡಿಯ ಹಿಂದಕ್ಕೋ ನಡೆದುಬಿಡುತ್ತಿದ್ದಳು. ಕರೆತಂದವರು ಜೊತೆಗೆ ಬರುತ್ತೇವೆಂದರೆ ಅಲ್ಲಿಗೇ ಗೊತ್ತಾಯಿತು ಎನ್ನುತ್ತಿದ್ದಳು. ಊಟದ ನಡುವೆ ವಯಸ್ಸು ಕೇಳುವಳು, ನಂಬದಿದ್ದರೆ ಅಣ್ಣತಮ್ಮಂದಿರ ವಯಸ್ಸು ಕೇಳಿ ಲೆಕ್ಕ ಹಾಕುವಳು. ಒಮ್ಮೆ ಹದಿನೆಂಟು ತುಂಬಿಲ್ಲವೆಂಬ ಅನುಮಾನ ಬಂದದ್ದೇ ತಡ, ನಮಗೂ ಹೇಳದೆ 1098ಕ್ಕೆ ಫೋನ್ ಮಾಡಿಸಿ ಮಕ್ಕಳ ಕಲ್ಯಾಣ ಸಮಿತಿಯವರಿಗೆ ಒಪ್ಪಿಸಿದಳು. ಕರೆತಂದವನ ಕಡೆಯವರು ಅವಳ ಮನೆ ಮುಂದೆ ಬಂದು ಗಲಾಟೆ ಮಾಡಿದರು. ಎರಡು ತಿಂಗಳು ಬಸ್ ಸ್ಟ್ಯಾಂಡ್ ಕಡೆ ಹೋಗಲಾಗಲಿಲ್ಲ. ಅಲ್ಲಿ ಕಲಿಸುವ ಮಾತೇ ಇಲ್ಲ ಎನ್ನುವುದನ್ನು ಅವಳಿಗೆ ಯಾವ ತರಬೇತಿಯೂ ಹೇಳಿಕೊಡಬೇಕಿರಲಿಲ್ಲ.

ದೊಡ್ಡವರಾದರೆ ಅವಳ ಪಾಠ ನೇರ. ವಾರಕ್ಕೆ ಎಷ್ಟು ಬರುತ್ತದೆ ಎಂದು ಹೇಳುವಾಗ, ಅದರಲ್ಲಿ ಕೋಣೆಯವನಿಗೆ ಎಷ್ಟು, ಆಟೋದವನಿಗೆ ಎಷ್ಟು, ಹಿಡಿದರೆ ಬಿಡಿಸಿಕೊಳ್ಳಲು ಎಷ್ಟು, ಕೈಗೆ ಉಳಿಯುವುದೆಷ್ಟು ಎಂದು ಬೆರಳು ಮಡಚಿ ತೋರಿಸುವಳು. ನಲವತ್ತು ದಾಟಿದ ಮೇಲೆ ಏನಾಗುತ್ತದೆ ಎಂದು ತನ್ನನ್ನೇ ತೋರಿಸುವಳು. ಗಾಡಿಯಲ್ಲಿ ಒಬ್ಬನಿಗಿಂತ ಹೆಚ್ಚು ಜನವಿದ್ದರೆ ಹತ್ತಬೇಡ, ನಂಬರನ್ನು ಗೆಳತಿಗೆ ಹೇಳಿ ಹೋಗು, ಕುಡಿಯಬೇಡ, ಘರ್ವಾಲಿಯ ಹತ್ತಿರ ಸಾಲ ಮಾಡಬೇಡ, ನಿನ್ನ ಹೆಸರಲ್ಲಿ ಒಂದು ಪಾಸ್‌ಬುಕ್ ಮಾಡಿಸು, ನಿರೋಧ್ ಹರಿದರೆ ನಾಚಿಕೊಂಡು ಮಲಗಬೇಡ, 72 ಗಂಟೆಯೊಳಗೆ ದೊಡ್ಡಾಸ್ಪತ್ರೆಗೆ ಹೋಗು. ಕೊನೆಗೆ, "ಇಷ್ಟೆಲ್ಲ ಕೇಳಿದ್ಮ್ಯಾಲೆ ಬ್ಯಾಡ ಅನಿಸಿದ್ರೆ ಬಸ್ ಚಾರ್ಜಿಗೆ ನಾನು ಕೊಡ್ತೀನಿ." ಹಾಗೆ ಹೋದವರು ಬಹಳ ಇಲ್ಲ. ಕೆಲವರು ಹೋಗಿದ್ದಾರೆ. ಹೋದವರು ಅವಳ ಪುಸ್ತಕದಲ್ಲಿ ಬರುವುದಿಲ್ಲ. ತಿಂಗಳ ಸಭೆಯಲ್ಲಿ ನಾವು ಅವಳಿಗೆ "ಹೊಸ ನೋಂದಣಿ ಯಾಕೆ ಇಷ್ಟು ಕಡಿಮೆ?" ಎಂದು ಎಲ್ಲರೆದುರು ಕೇಳುತ್ತಿದ್ದೆವು.

ಅಂದರೆ, ಬಡ್ಡಿ ತಿನ್ನುತ್ತಿದ್ದವಳು ದಾವಣಗೆರೆಯಕ್ಕ ಒಬ್ಬಳೇ ಅಲ್ಲ. ನಮ್ಮ ಯೋಜನೆಗೂ ಹೊಸಬರು ಬೇಕಿತ್ತು. ಬಂದವಳು ಉಳಿದರೆ ನಮಗೆ ಅಂಕಿ, ಹೋದರೆ ಖಾಲಿ ಸಾಲು. ಕಾಂಡೋಮ್ ಹಂಚಿಕೆಯಿಂದ ಜೀವಗಳು ಉಳಿದಿವೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕಲಿಸುವವಳ ಗೌರವಧನವನ್ನು ಕಲಿಯುವವಳ ಉಳಿಯುವಿಕೆಗೆ ಕಟ್ಟಿಹಾಕಿದ ಮೇಲೆ, ಹರಿಹರದಕ್ಕನಂಥವರು ನಮ್ಮ ಲೆಕ್ಕದಲ್ಲಿ ಯಾವಾಗಲೂ ದಡ್ಡಿಯೇ.

ಜಗಳೂರಿನ ಹೆಣ್ಣುಮಗಳ ಸಾಲ ತೀರಿಸಿದ್ದೂ ಅವಳೇ. ನಾನು ಹೇಳಿರಲಿಲ್ಲ, ಅವಳ ಕಿವಿಗೆ ಹೇಗೋ ಬಿತ್ತು. ನಾಲ್ಕು ಜನರನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದು, ದಾವಣಗೆರೆಯಕ್ಕನ ಮನೆಯಲ್ಲಿ ಸಂಜೆಯಿಂದ ರಾತ್ರಿ ಹತ್ತರವರೆಗೆ ಕೂತಳು. ಜಗಳವಾಯಿತು, ಅತ್ತರು, ಟೀ ಕುಡಿದರು. ಕೊನೆಗೆ ಇನ್ನು ಬಡ್ಡಿ ಬೇಡ, ಅಸಲು ಸಾಕು ಎಂದಾಯಿತು. 8,000ವನ್ನು ತಮ್ಮ ಸ್ವಸಹಾಯ ಸಂಘದಿಂದ ಕೊಡಿಸಿ, ತಿಂಗಳಿಗೆ ಇಷ್ಟಿಷ್ಟು ಎಂದು ಕಟ್ಟಿಸಿಕೊಂಡರು. ಆ ಹೆಣ್ಣುಮಗಳು ಊರಿಗೆ ಹೋದಳು.

ಒಂದು ವರ್ಷದ ಮೇಲೆ ವಾಪಸು ಬಂದಳು. ಇದನ್ನು ಬಿಟ್ಟು ಬರೆದಿದ್ದರೆ ಕಥೆ ಚೆಂದವಾಗುತ್ತಿತ್ತು. ಊರಿನ ಕೂಲಿಯಲ್ಲಿ ನಡೆಯಲಿಲ್ಲ, ಭಾವನ ಕಾಟ ಬೇರೆ. ಈ ಸಲ ಇಳಿದದ್ದು ಹರಿಹರದಲ್ಲಿ. ಹರಿಹರದಕ್ಕ ಅವಳನ್ನು ನೋಡಿ, "ಬಂದ್ಯಾ? ಊಟ ಆತಾ?" ಎಂದಳಂತೆ. ಬೈಯಲಿಲ್ಲ, ಖುಷಿಪಡಲೂ ಇಲ್ಲ.

ಕಳ್ಳತನದ ಮಾತು ಆಡುವವರಿಗೆ ಈಗ ಉತ್ತರಿಸಬೇಕು. ನನ್ನ ಗೆಳತಿಯೊಬ್ಬಳು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಮಹಿಳಾ ಸಂಘಟನೆಗಳಲ್ಲಿ ದುಡಿದವಳು. ಅವಳ ವಾದ ಹೀಗೆ: ಚೆನ್ನಾಗಿ ಕಲಿಸಿದರೆ ಪ್ರವೇಶ ಸಲೀಸಾಗುತ್ತದೆ. ನಿನ್ನ ಹರಿಹರದಕ್ಕ ಒಳ್ಳೆಯವಳಾದಷ್ಟೂ ಆ ಬಾಗಿಲು ಕಡಿಮೆ ಭಯಂಕರವಾಗಿ ಕಾಣುತ್ತದೆ, ಹಾಗಾಗಿ ಅವಳೂ ದಲ್ಲಾಳಿಯೇ, ಕಮಿಷನ್ ತೆಗೆದುಕೊಳ್ಳದ ದಲ್ಲಾಳಿ. ಕರ್ನಾಟಕದ ಲೈಂಗಿಕ ಕಾರ್ಯಕರ್ತೆಯರ ಯೂನಿಯನ್ನಿನವರು ಇದನ್ನು ಕೇಳಿದರೆ ಕೆರಳುತ್ತಾರೆ, ನಮ್ಮದೂ ದುಡಿಮೆ ಎನ್ನುತ್ತಾರೆ. ನಾನು ಎರಡೂ ಕಡೆಯವರ ಜೊತೆ ಚಹಾ ಕುಡಿದಿದ್ದೇನೆ, ಇಬ್ಬರ ಎದುರೂ ಬಾಯಿ ಮುಚ್ಚಿಕೊಂಡು ಬಂದಿದ್ದೇನೆ.

ಗೆಳತಿಯ ಮಾತಿನಲ್ಲಿ ನಿಜವಿದೆ. ಆದರೆ ಅವಳು ಬಾಗಿಲ ಹೊರಗೆ ನಿಂತವಳ ಬಗ್ಗೆ ಮಾತಾಡುತ್ತಾಳೆ, ಹರಿಹರದಕ್ಕನಿಗೆ ಸಿಗುವವಳು ಹೊಸ್ತಿಲ ಮೇಲೆ ಒಂದು ಕಾಲು ಇಟ್ಟವಳು. ಸಾಲ, ಹಸಿವು, ಬಿಟ್ಟುಹೋದ ಗಂಡ, ಕಿರ್ಲೋಸ್ಕರ್ ಮುಚ್ಚಿದ ಮೇಲೆ ಕುಡಿತಕ್ಕೆ ಬಿದ್ದ ಅಪ್ಪ, ಇವೆಲ್ಲ ಅವಳನ್ನು ಅಲ್ಲಿಯವರೆಗೆ ತಂದು ನಿಲ್ಲಿಸಿವೆ. ನಾವು ಕಲಿಸದಿದ್ದರೆ ಅವಳು ಕಲಿಯದೇ ಇರುವುದಿಲ್ಲ. ಮೊದಲ ವಾರದಲ್ಲಿ ಯಾರೋ ಕಲಿಸಿಯೇ ಕಲಿಸುತ್ತಾರೆ, ಸಾಮಾನ್ಯವಾಗಿ ಅವಳಿಂದ ಲಾಭವಿರುವವರು. ಸುಮ್ಮನಿರುವುದು ಯಾರ ಪಕ್ಷವೂ ಅಲ್ಲ ಎಂದುಕೊಂಡರೆ ಅದು ಆತ್ಮವಂಚನೆ. ಇಷ್ಟಾದರೂ ಒಂದು ಸಂಗತಿಗೆ ಗೆಳತಿಗೆ ನಾನು ಋಣಿ. ಅವಳ ಪ್ರಶ್ನೆಯನ್ನು ಒಳಗಿಟ್ಟುಕೊಳ್ಳದೆ ಕಲಿಸುವವಳು ಅಪಾಯ. ನಾನು ಇವಳಿಗೆ ದಾರಿ ತೋರಿಸುತ್ತಿದ್ದೇನೋ, ಇವಳನ್ನು ದಾರಿಗೆ ತರುತ್ತಿದ್ದೇನೋ ಎಂದು ಒಮ್ಮೆಯೂ ನಿದ್ದೆಗೆಡದವಳಿಗೆ ಆ ಕೆಲಸ ಕೊಡಬಾರದು.

ಕಾನೂನಿಗೆ ಈ ವ್ಯತ್ಯಾಸ ಕಾಣುವುದು ಕಷ್ಟ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 5ನೇ ಕಲಮಿನ ಪ್ರಕಾರ, ವೇಶ್ಯಾವಾಟಿಕೆಗಾಗಿ ಒಬ್ಬರನ್ನು ಒದಗಿಸುವುದು ಅವರ ಒಪ್ಪಿಗೆ ಇದ್ದರೂ ಇಲ್ಲದಿದ್ದರೂ ಅಪರಾಧ, ಮೂರರಿಂದ ಏಳು ವರ್ಷ ಶಿಕ್ಷೆ. ಹೊಸಬಳ ಜೊತೆ ಊಟಕ್ಕೆ ಕೂತ ಹರಿಹರದಕ್ಕನನ್ನು ದೂರದಿಂದ ನೋಡಿದ ಪೊಲೀಸರಿಗೆ ಅವಳು ಅದೇ ಕಲಮಿನವಳಾಗಿ ಕಾಣಬಹುದು. 2022ರ ಮೇ 19ರಂದು ಬುದ್ಧದೇವ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಯಸ್ಕರಾಗಿ ಸ್ವಇಚ್ಛೆಯಿಂದ ಈ ವೃತ್ತಿಯಲ್ಲಿರುವವರಿಗೂ ಘನತೆಯ ಬದುಕಿನ ಹಕ್ಕಿದೆ, ಪೊಲೀಸರು ಅವರನ್ನು ಪೀಡಿಸಬಾರದು ಎಂದು ನಿರ್ದೇಶನ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ಸ್ವಇಚ್ಛೆಯೋ ಅಲ್ಲವೋ ಎಂದು ಮೊದಲ ದಿನ ತಿಳಿಯುವವರು ಯಾರು? ಸೋನಾಗಾಚಿಯ ದರ್ಬಾರ್ ಸಂಘಟನೆ ಅದಕ್ಕೊಂದು ಸ್ವಯಂ ನಿಯಂತ್ರಣ ಮಂಡಳಿ ಮಾಡಿಕೊಂಡಿತು. ಹೊಸದಾಗಿ ಬಂದವಳನ್ನು ಕೂರಿಸಿ ವಯಸ್ಸು, ಇಚ್ಛೆ ವಿಚಾರಿಸುತ್ತಾರೆ, ಸಂಘಟನೆಯ ಹೊರಗಿನವರೂ ಅದರಲ್ಲಿರುತ್ತಾರೆ. ಒಬ್ಬಳೇ ಕಲಿಸುವವಳ ಕಣ್ಣನ್ನು ನಂಬದಿರುವುದು ಅದರಲ್ಲಿ ನನಗೆ ಹಿಡಿಸಿದ ಅಂಶ. ನಾನು ಇಷ್ಟು ಹೊಗಳಿದ ಹರಿಹರದಕ್ಕನನ್ನೂ ನಂಬಬೇಕಿಲ್ಲ. ನಮ್ಮಲ್ಲಿ ಅಂಥದ್ದು ಇರಲಿಲ್ಲ. ಹದಿನೈದು ನಿಮಿಷ ಅರ್ಜಿ ಓದುವ ನಾನಿದ್ದೆ.

ನಾನು ಆ ಕೆಲಸ ಬಿಟ್ಟು ವರ್ಷಗಳಾದವು. ಕಳೆದ ದೀಪಾವಳಿಗೆ ಮುಂಚೆ ಹರಿಹರಕ್ಕೆ ಹೋದಾಗ ಹರಿಹರದಕ್ಕ ಸಿಕ್ಕಳು. ಐವತ್ತು ದಾಟಿದೆ, ಕಸುಬು ಬಿಟ್ಟಿದ್ದಾಳೆ, ಮಗಳ ಜೊತೆ ಹೂವಿನ ವ್ಯಾಪಾರ. ಈಗ ಬಸ್ ಸ್ಟ್ಯಾಂಡಿನಲ್ಲಿ ಹೊಸಬರು ಕಾಣುವುದಿಲ್ಲ ಎಂದಳು. ಎಲ್ಲ ಫೋನಿನಲ್ಲಿ. ಎಸ್ಕಾರ್ಟ್ ಅಂತಾರೆ, ಮುಖ ನೋಡದ ಏಜೆಂಟಿಗೆ ಫೋಟೋ ಕಳಿಸುತ್ತಾರೆ. ಬಿಡುತ್ತೇನೆ ಎಂದರೆ ಆ ಫೋಟೋ ತವರಿಗೆ ಹೋಗುತ್ತದೆ ಎಂದು ಹೆದರಿಸುತ್ತಾರೆ. "ನಮ್ ಕಾಲದಾಗೆ ಬಡ್ಡಿ ಇತ್ತು, ಈಗ ಫೋಟೋ" ಎಂದಳು. ತಾನು ಹೇಳುತ್ತಿದ್ದ ಗಾಡಿ ನಂಬರಿನ ಪಾಠ ಈಗ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲವಂತೆ. ಫೋನಿನ ವಿಷಯವನ್ನು ಅವಳಿಗೆ ಕಲಿಸಿಕೊಟ್ಟಿದ್ದು ಯಾರು ಎಂದು ಕೇಳಿದೆ. ಜಗಳೂರಿನವಳು ಎಂದಳು. ಅವಳು ಈಗ ಎಲ್ಲಿದ್ದಾಳೆ, ಏನು ಮಾಡುತ್ತಾಳೆ ಎಂದು ಕೇಳಿದ್ದಕ್ಕೆ, "ಚೆನ್ನಾಗಿದಾಳೆ" ಎಂದಷ್ಟೇ ಹೇಳಿ ಹೂವಿಗೆ ನೀರು ಚಿಮುಕಿಸಿದಳು. ನಾನು ಮತ್ತೆ ಕೇಳಲಿಲ್ಲ.

ಮಂಡಕ್ಕಿ ಮಿರ್ಚಿ ತರಿಸಿದಳು. ತಿನ್ನುತ್ತಾ ಕೂತಿದ್ದಾಗ ಅವಳ ಫೋನ್ ಬಂತು. ಗೊತ್ತಿಲ್ಲದ ನಂಬರಿರಬೇಕು, ಕಣ್ಣು ಕಿರಿದು ಮಾಡಿ ನೋಡಿ ಎತ್ತಿಕೊಂಡಳು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬಂತು. ಇವಳು ತಡೆದು, "ತಡಿಯವ್ವ" ಎಂದಳು. "ಮೊದ್ಲು ಇದನ್ನ ಹೇಳು. ಪಕ್ಕದಾಗೆ ಯಾರಾದ್ರೂ ಅದಾರಾ? ಇದ್ರೆ ಹೂಂ ಅನ್ನು, ಬ್ಯಾರೆ ಏನೂ ಮಾತಾಡಬ್ಯಾಡ." ಆಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡು ಎದ್ದು, ಹೂವಿನ ಬುಟ್ಟಿಯನ್ನು ನೋಡಿಕೊಳ್ಳಲು ನನಗೆ ಕೈಸನ್ನೆ ಮಾಡಿ, ಹೊಳೆಯ ಕಡೆ ನಡೆದಳು.